ಅಲೆಯ ನೆತ್ತಿ

ದುರ್ಗಿಗುಡಿ. ರಾತ್ರಿ ಹತ್ತು ದಾಟಿದೆ.
ಕೆಳಗೆ ಮಿಕ್ಸಿ ರಿಪೇರಿ ಅಂಗಡಿಯ ಶಟರು ಬಿದ್ದಾಯಿತು.
ಮಹಡಿಯಲ್ಲಿ ನಾನು, ಸೆಲ್ವಿನ್, ಅವನು ಕಡ ತಂದ ಗಿಟಾರು,
ಪಕ್ಕದ ಕೋಣೆಯಲ್ಲಿ ಅಮ್ಮ ಮಲಗಿರುವುದರಿಂದ
ದಿಂಬಿನಡಿ ಅದುಮಿಟ್ಟ ಆಂಪು,
ಮತ್ತೆ ನನ್ನ ಹಳೇ ಟಿಫನ್ ಡಬ್ಬಿಯೊಳಗೆ
ಒಂಬತ್ತು ವೋಲ್ಟಿನಷ್ಟು ಸಿಟ್ಟು.

ಹೈಸ್ಕೂಲಿಗೆ ಹೊತ್ತ ಡಬ್ಬಿ.
ಮುಚ್ಚಳದ ಮೇಲೆ ಮೊಳೆಯಲ್ಲಿ ಕೊರೆದದ್ದು: ವಾರಿಜ, ೯ ಬಿ.
ಉಪ್ಪಿನಕಾಯಿ ತಿಂದುಹಾಕಿದ ಮೂಲೆ ಇನ್ನೂ ಬೆಳ್ಳಗೆ.
ಈಗ ಅದಕ್ಕೆ ಐದು ತೂತು.
ಅಮ್ಮನಿಗೆ ಹೇಳಿಲ್ಲ.

ಮೊದಲು ಸಿಲಿಕಾನ್ ಡಯೋಡು, ಎದುರುಬದುರು ಎರಡು.
ಅಲೆಯ ನೆತ್ತಿ ಕ್ಷೌರಕ್ಕೆ ಕೂತಂತೆ ಸಪಾಟು.
ಸೆಲ್ವಿನ್ ಒಂದೇ ಸ್ವರ ಮೀಟಿ ಮುಖ ಕಿವಿಚಿದ:
"ಬೆಳಗಿನ ಜಾವ ನಲ್ಲೀಲಿ ನೀರು ಬರೋ ಮುಂಚೆ ಗಾಳಿ ಬರುತ್ತಲ್ಲ, ಹಂಗಿದೆ ಕಣೇ."
ಕಿತ್ತು, ಕೆಂಪು ಎಲ್‌ಇಡಿ ಹಾಕಿದೆ.
ಎದೆ ಅಗಲವಾಯಿತು. ಮೀಟಿದಾಗಲೆಲ್ಲ
ಡಬ್ಬಿಯೊಳಗೆ ಎರಡು ಕೆಂಡಗಣ್ಣು ಬಿಟ್ಟು ಮುಚ್ಚಿದವು.
ನೋಡಲು ಚೆಂದ;
ಕೇಳಲು, ಮದುವೆಮನೆಯಲ್ಲಿ ಓಡಾಡುವ ಹುಡುಗಿಯ ಸೋದರಮಾವ.

ಸಂಜೆ ಅಂಗಡಿಯಲ್ಲಿ ಖಲಂದರ್ ಚಾಚಾ ಕೇಳಿದ್ದರು:
"ಅಲ್ಲಮ್ಮ, ಸದ್ದು ಒಡೀಬಾರದು ಅಂತ
ನಲವತ್ತು ವರ್ಷ ರೇಡಿಯೋ ಬಿಚ್ಚಿದೆ ನಾನು.
ನೀನು ಕೈಯಿಂದ ದುಡ್ಡು ಹಾಕಿ ಒಡೀತೀನಿ ಅಂತೀಯಲ್ಲ?"
ಒಡೆಯೋದಲ್ಲ ಚಾಚಾ, ಅಂದೆ.
ಅಳು ತಡ್ಕೊಂಡು ಮಾತಾಡುವಾಗ
ಮಾತಿನ ಅಂಚು ಹರಿಯುತ್ತಲ್ಲ, ಅಷ್ಟು. ಅಷ್ಟೇ ಸಾಕು.
ಅವರೇನೂ ಅನ್ನಲಿಲ್ಲ. ಕನ್ನಡಕ ಹಣೆಗೇರಿಸಿ
ಹಾರ್ಲಿಕ್ಸ್ ಬಾಟಲಿಯ ತಳ ಕೆದಕಿ
ಗಾಜುಮೈಯ ಮೂರು ಜರ್ಮೇನಿಯಂ ಡಯೋಡು ಆರಿಸಿದರು,
ಬೀಡಿಕಟ್ಟಿನ ಕಾಗದದಲ್ಲಿ ಸುತ್ತಿದರು.
"ಬಿಸಿ ತಡೆಯಲ್ಲ ಇವು. ಬೆಸುಗೆ ಹಾಕುವಾಗ ಕಾಲಿಗೆ ಚಿಮಟ ಹಿಡಿ."

ಚಿಮಟ ಎಲ್ಲಿದೆ? ಹುಬ್ಬು ಕೀಳುವ ಪ್ಲಕರ್ ಹಿಡಿದೆ.
ಒಂದು ಕಡೆಗೆ ಎರಡು, ಇನ್ನೊಂದು ಕಡೆಗೆ ಒಂದು,
ಅಲೆ ವಾರೆಯಾಗಿ ತುಂಡಾಗಲಿ ಎಂದು.
ಸೊನ್ನೆ ಪಾಯಿಂಟ್ ಸೊನ್ನೆ ನಲವತ್ತೇಳರ ಕೆಪಾಸಿಟರು ತೆಗೆದು
ಪಾಯಿಂಟ್ ಒಂದು ಇಟ್ಟು ನೋಡಿದೆ:
ಮಂದ್ರವೆಲ್ಲ ಹಲಸಿನಹಣ್ಣು ತಿಂದ ಹೊಟ್ಟೆ.
ಮತ್ತೆ ಮೊದಲಿನದೇ.
ಸೆಲ್ವಿನ್ ಮೀಟಿದ. ಏನೂ ಹೇಳಲಿಲ್ಲ. ಇನ್ನೊಮ್ಮೆ ಮೀಟಿದ.
ಬೆರಳು ಮೆತ್ತಗಿಟ್ಟರೆ ಸ್ವರ ತಿಳಿ,
ಉಗುರು ತಾಗಿದರೆ ಅದರ ಗಂಟಲು ಕಟ್ಟುತ್ತಿತ್ತು.

ಆಮೇಲೆ ಅವನು ಅಂಗೈಯಿಂದ ತಂತಿ ಮುಚ್ಚಿದ.
ಸದ್ದಿರಬಾರದ ಆ ಜಾಗದಲ್ಲಿ
ಒಬ್ಬ ಹೆಂಗಸು ಮಾತಾಡುತ್ತಿದ್ದಳು.
ದಿಂಬಿನಡಿಯಿಂದ, ತೆಳ್ಳಗೆ, ಜೇನುಹುಳದ ಹೊಟ್ಟೆಯೊಳಗಿಂದೆಂಬಂತೆ:
ಆಕಾಶವಾಣಿ ಭದ್ರಾವತಿ. ನಾಳೆ ಬೆಳಿಗ್ಗೆ
ಹಸುಗಳ ಕೆಚ್ಚಲುಬಾವಿನ ಬಗ್ಗೆ
ಪಶುವೈದ್ಯರೊಂದಿಗೆ ಮಾತುಕತೆ.

ಸೆಲ್ವಿನ್ ನಕ್ಕ. ನನಗೆ ನಗು ಬರಲಿಲ್ಲ.
ಮುಚ್ಚಳ ಹಾಕಿದರೆ ಅವಳಿಲ್ಲ.
ತೆಗೆದರೆ ಇದ್ದಾಳೆ.
ಇಷ್ಟು ವರ್ಷ ಬಾಟಲಿಯ ತಳದಲ್ಲಿ ಬಿದ್ದಿದ್ದ ಹರಳು
ತನ್ನ ಹಳೇ ಕೆಲಸ ಮರೆತಿಲ್ಲ.

ಚಾಚಾಗೆ ಫೋನು ಹಚ್ಚಿ, ದಿಂಬು ಎತ್ತಿ,
ಆಂಪಿನ ಬಾಯಿಗೆ ಹಿಡಿದೆ.
ಆ ಕಡೆ ಬಹಳ ಹೊತ್ತು ಉಸಿರು ಮಾತ್ರ.
"ಒಳಬರೋ ತಂತಿಗೂ ನೆಲಕ್ಕೂ ನಡುವೆ ನೂರು ಪಿಎಫ್ ಹಾಕು. ಹೋಗುತ್ತೆ."
ಸರಿ ಚಾಚಾ.
"ಈಗಲೇ ಹಾಕಬೇಡ. ಸ್ಟೇಷನ್ ಮುಚ್ಚಲಿ."

ಸ್ಟೇಷನ್ ಮುಚ್ಚಿ ಎಷ್ಟೋ ಹೊತ್ತಾಗಿದೆ.
ನೂರು ಪಿಎಫ್ ಅಂಗೈಯಲ್ಲಿದೆ, ಹೆಸರುಕಾಳಿನಷ್ಟು.
"ಹಾಕಲ್ವಾ?" ಅಂದ ಸೆಲ್ವಿನ್.
ಐರನ್ ತಣ್ಣಗಾಗಿದೆ ಅಂದೆ.
ಸುಳ್ಳು. ತುದಿಗೆ ಸೀಸ ಮುಟ್ಟಿಸಿದರೆ
ಈಗಲೂ ಹೊಗೆ.